ಹಾಲು ಬಿಡಿಸಿದರೆ ಸಾಲದು, ಮತ್ತೆ ಕೊಟ್ಟೂ ನೋಡಬೇಕು

ಗೋವಾದ ವಾಸ್ಕೋದ ಬೈನಾದಲ್ಲಿ ನಾನಿರುವ ಕ್ಲಿನಿಕ್ಕಿಗೆ ಬಾಗಲಕೋಟೆ, ಗದಗ ಕಡೆಯವರೇ ಜಾಸ್ತಿ ಬರುತ್ತಾರೆ. ಮಗುವಿಗೆ ಹಾಲು ಆಗಿಬರಲ್ಲ ಅಂದಾಗ ನಾನು ಮೊದಲು ಕೇಳುವುದು, ಕುಡಿದು ಎಷ್ಟು ಹೊತ್ತಿಗೆ ಅಂತ.

ಕೆಲವು ನಿಮಿಷದಿಂದ 2 ಗಂಟೆಯೊಳಗೆ ಮೈಮೇಲೆ ದದ್ದು ಎದ್ದು, ತುಟಿ ಊದಿಕೊಂಡರೆ ಅದು ತಕ್ಷಣದ ಅಲರ್ಜಿ. ಉಸಿರಾಟಕ್ಕೆ ತೊಂದರೆಯಾದರೆ, ಮಗು ನಿತ್ರಾಣವಾಗಿ ಕುಸಿದರೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬೇಕು. ಇಂಥ ಮಕ್ಕಳಿಗೆ ಮನೆಯಲ್ಲಿ ಹಾಲು ಕೊಟ್ಟು ನೋಡುವ ಮಾತೇ ಇಲ್ಲ.

ಇನ್ನೊಂದು ಬಗೆ ನಿಧಾನ. 2 ಗಂಟೆಯಿಂದ 3 ದಿನದೊಳಗೆ ಕಕ್ಕಸಿನಲ್ಲಿ ಲೋಳೆ, ರಕ್ತದ ಗೆರೆ, ವಾಸಿಯಾಗದ ಇಸುಬು. ತಕ್ಷಣದ ಅಲರ್ಜಿಗೆ ಮಾಡುವ ಐಜಿಇ ರಕ್ತಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಸುಮ್ನೆ ದುಡ್ಡು ದಂಡ.

ಒಬ್ಬ ತಾಯಿ ಐದು ತಿಂಗಳ ಕೂಸಿನ ಲಂಗೋಟಿಯನ್ನೇ ಮಡಚಿ ತಂದಿದ್ದಳು. ಲೋಳೆಯ ನಡುವೆ ಕೆಂಪು ಎಳೆ. ಮೊದಲು ಗುದದಲ್ಲಿ ಸೀಳು ಇದೆಯಾ ನೋಡಿದೆ, ಇರಲಿಲ್ಲ. ಮಗು ಚುರುಕಾಗಿತ್ತು, ತೂಕವೂ ಸರಿಯಿತ್ತು. ಎದೆಹಾಲಿನ ಜೊತೆಗೆ ಪ್ಯಾಕೆಟ್ ಹಾಲೂ ನಡೆದಿತ್ತು.

'ಆಡಿನ ಹಾಲು ಕೊಡಲೇನ್ರಿ ಮೇಡಂ?' ಅಂದಳು ಅತ್ತೆ. ಬೇಡ. ಈ ಅಲರ್ಜಿ ಹಾಲಿನ ಪ್ರೋಟೀನಿಗೆ, ಆಡು, ಎಮ್ಮೆ ಹಾಲಿನ ಪ್ರೋಟೀನೂ ಹೆಚ್ಚುಕಡಿಮೆ ಹಸುವಿನದರಂಥದ್ದೇ. ಲ್ಯಾಕ್ಟೋಸ್ ಇಲ್ಲದ ಪುಡಿಯೂ ಪ್ರಯೋಜನವಿಲ್ಲ, ಅದರಲ್ಲಿ ತೆಗೆದಿರುವುದು ಸಕ್ಕರೆಯನ್ನು, ಪ್ರೋಟೀನನ್ನಲ್ಲ. ಎದೆಹಾಲು ಸಾಕಷ್ಟಿರುವಾಗ ಪ್ರೋಟೀನನ್ನು ಚೂರು ಮಾಡಿದ ದುಬಾರಿ ಹೈಡ್ರೊಲೈಸ್ಡ್ ಪುಡಿಯ ಡಬ್ಬ ಯಾಕೆ? ಪ್ಯಾಕೆಟ್ ನಿಲ್ಲಿಸಿ, ಎದೆಹಾಲು ಬಿಡಬೇಡ, ನಿನ್ನ ಊಟದಲ್ಲಿ ಮಾತ್ರ ಹಾಲು, ಮೊಸರು, ಮಜ್ಜಿಗೆ, ತುಪ್ಪ ಬಿಡು ಅಂದೆ. ತಾಯಿ ತಿಂದ ಹಾಲಿನ ಪ್ರೋಟೀನು ಎದೆಹಾಲಿನಲ್ಲೂ ಸ್ವಲ್ಪ ಇಳಿಯುತ್ತದೆ. ಬಿಸ್ಕತ್ ಪೊಟ್ಟಣದ ಹಿಂದೆ ಹಾಲಿನ ಪುಡಿ ಇದೆಯಾ ಓದಿಸಿಕೊಳ್ಳಲು ಹೇಳಿದೆ. ತಾಯಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಅದಕ್ಕೆ ಮಾತ್ರೆ. ಹಾಲಿಲ್ಲದ ಚಹಾ ಅಂದಾಗ ಮಾತ್ರ ಅವಳ ಮುಖ ಸಣ್ಣಗಾಯಿತು.

ನಾಲ್ಕು ವಾರಕ್ಕೆ ರಕ್ತ ನಿಂತಿತು. ಕಷ್ಟ ಶುರುವಾಗುವುದೇ ಇಲ್ಲಿ. ಈಗ ತಾಯಿ ಹಾಲು, ಮೊಸರು ಮತ್ತೆ ತಿಂದು ನೋಡಬೇಕು. 'ಆರಾಮ ಐತಲ್ರಿ, ಮತ್ಯಾಕ?' ನ್ಯಾಯವಾದ ಪ್ರಶ್ನೆಯೇ. ಆದರೆ ಎಳೆಮಕ್ಕಳ ಎಷ್ಟೋ ತೊಂದರೆ ತಾನಾಗಿಯೇ ಹೋಗುತ್ತದೆ. ಪರೀಕ್ಷಿಸದೆ ಬಿಟ್ಟರೆ ಇಲ್ಲದ ಅಲರ್ಜಿಗೆ ಮಗು ವರ್ಷಗಟ್ಟಲೆ ಪಥ್ಯ ಮಾಡುತ್ತದೆ. ನಮ್ಮ ಡಾಕ್ಟರುಗಳೇ ಈ ಹಂತ ಹಾರಿಸುವುದು ಜಾಸ್ತಿ.

ಅವಳು ಒಪ್ಪಿದಳು. ಮೊಸರು ತಿಂದ ಮೂರನೇ ದಿನ ಕೆಂಪು ಎಳೆ ಮತ್ತೆ ಬಂತು. ಈಗ ಅನುಮಾನವಿಲ್ಲ. ಕನಿಷ್ಠ ಆರು ತಿಂಗಳು ಪಥ್ಯ, ಆಮೇಲೆ ಹಾಲು ಹಾಕಿ ಬೇಯಿಸಿದ ಬಿಸ್ಕತ್ತಿನ ಚೂರಿನಿಂದ ಶುರು.