ಬೀಗ ಹಾಕಿದ ಜಿಪ್ ಫೈಲ್

ಅಡಿಕೆಯ ಕೊಳೆರೋಗದ ಬಗ್ಗೆ ಅಪ್ಪ ಹದಿನೈದು ವರ್ಷಗಳ ಹಿಂದೆ ಬರೆದಿದ್ದ ಲೇಖನವೊಂದನ್ನು ಕಳೆದ ಮಳೆಗಾಲದಲ್ಲಿ ಒಂದು ಪತ್ರಿಕೆಗೆ ಕಳಿಸಿದ್ದೆವು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದ ಅದು ಸಂಪಾದಕರ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣದೆ, ತಲೆಯ ಮೇಲೆ ಟೋಪಿ, ಚುಕ್ಕೆ, ಗೀರುಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆಯಾಗಿ ಕಂಡಿತಂತೆ. ಎಲ್ಲ ಕಂಪ್ಯೂಟರುಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸಿ ಕಳಿಸಿ ಎಂದು ಅವರು ಕೇಳಿದರು. ಅದೇನು ಮಹಾ ಕೆಲಸ ಎಂದುಕೊಂಡು ನಾನು ಆ ಭಾನುವಾರ ಬೆಳಗ್ಗೆ ಪರಿವರ್ತಕ ತಂತ್ರಾಂಶವನ್ನು ಹುಡುಕಲು ಕುಳಿತೆ.

ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಸಿಕ್ಕ ಪುಟದಲ್ಲಿ ‘ಡೌನ್‌ಲೋಡ್’ ಎಂಬ ದೊಡ್ಡ ಹಸಿರು ಗುಂಡಿಯಿತ್ತು. ಅದು ಜಾಹೀರಾತು ಎಂಬುದನ್ನು ಸೂಚಿಸುವ ಪುಟ್ಟ ಪದವನ್ನು ನಾನು ನೋಡಿದ್ದು ಮರುದಿನ. ಇಳಿದು ಬಂದದ್ದು ಜಿಪ್ ಫೈಲ್. ತೆರೆಯಲು ಪಾಸ್‌ವರ್ಡ್ ಬೇಕಿತ್ತು, ಅದನ್ನು ಆ ಪುಟದಲ್ಲೇ ಬರೆದಿದ್ದರು. ಬೀಗ ಹಾಕಿ ಕೊಟ್ಟಿದ್ದಾರೆ ಎಂದ ಮೇಲೆ ಒಳಗಿರುವುದು ಭದ್ರವಾದ ಸರಕೇ ಇರಬೇಕು ಎಂದು ನಾನು ನಂಬಿದೆ. ಆ್ಯಂಟಿವೈರಸ್ ಒಳಗೆ ಇಣುಕಿ ನೋಡಲಾಗದಂತೆ ಮಾಡುವುದಕ್ಕೇ ಇಂಥ ಬೀಗ ಹಾಕಿರುತ್ತಾರೆಂದು ಆಗ ತಿಳಿದಿರಲಿಲ್ಲ. ಸ್ಥಾಪಿಸುವಾಗ ವಿಂಡೋಸ್ ಹಳದಿ ಪಟ್ಟಿಯ ಕಿಟಕಿಯೊಂದನ್ನು ತೋರಿಸಿ, ಇದರ ಪ್ರಕಾಶಕರು ಯಾರೆಂದು ಗೊತ್ತಿಲ್ಲ, ಅನುಮತಿ ಕೊಡಲೇ ಎಂದು ಕೇಳಿತ್ತು. ಹೌದು ಎಂದು ಒತ್ತಿದವನು ನಾನೇ.

ಪರಿವರ್ತಕವಂತೂ ಬರಲಿಲ್ಲ. ಬದಲಿಗೆ ಬ್ರೌಸರಿನ ಮುಖಪುಟ ಬದಲಾಯಿತು. ಏನು ಹುಡುಕಿದರೂ ಯಾವುದೋ ಅಪರಿಚಿತ ಪುಟವನ್ನು ಹಾದು ಹೋಗತೊಡಗಿತು. ಪರದೆಯ ಬಲಮೂಲೆಯಲ್ಲಿ, ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ, ಕೂಡಲೇ ಕರೆ ಮಾಡಿ ಎಂಬ ಕೆಂಪು ಚೌಕ ಮೇಲಿಂದ ಮೇಲೆ ಬರುತ್ತಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು, “ಇವರೇ ರಿಪೇರಿ ಮಾಡ್ತಾರಂತೆ ನೋಡೋ, ನಂಬರೂ ಕೊಟ್ಟಿದಾರೆ” ಎಂದು ಮೊಬೈಲ್ ಕೈಗೆತ್ತಿಕೊಂಡಿದ್ದರು. ಅದನ್ನು ತಡೆದದ್ದೊಂದೇ ಆ ಬೆಳಗ್ಗೆ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ತಂತ್ರಾಂಶಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದಾಗ ಅಂದೇ ಸೇರಿಕೊಂಡ ಎರಡು ಹೆಸರುಗಳು ಕಂಡವು. ಅವನ್ನೂ ಬ್ರೌಸರಿಗೆ ಅಂಟಿಕೊಂಡಿದ್ದ ಪುಟ್ಟ ಹೆಚ್ಚುವರಿ ತಂತ್ರಾಂಶವಾದ ಎಕ್ಸ್‌ಟೆನ್ಶನ್ನನ್ನೂ ಕಿತ್ತು ಹಾಕಿ ಕಂಪ್ಯೂಟರನ್ನು ಮತ್ತೆ ಆರಂಭಿಸಿದರೆ ಎಕ್ಸ್‌ಟೆನ್ಶನ್ ತನ್ನ ಜಾಗದಲ್ಲೇ ಕುಳಿತಿತ್ತು. ಕಳೆ ಕಿತ್ತ ಜಾಗದಲ್ಲಿ ಮತ್ತೆ ಕಳೆ. ಬ್ರೌಸರಿನ ಮೆನುವಿನ ಕೆಳಗೆ, ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಬೇರೆ. ನಮ್ಮ ಮನೆ ಯಾವಾಗ ಸಂಸ್ಥೆಯಾಯಿತೆಂದು ಅರ್ಥವಾಗದೆ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

“ಮೊದಲು ನೆಟ್ ತೆಗೀರಿ ಮಾವ, ಆಮೇಲೆ ಮಾತಾಡೋಣ” ಎಂದ. ಎರಡನೆಯದಾಗಿ, ಮೊಬೈಲಿನಿಂದಲೇ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿಸಿದ. ಲಾಗಿನ್ ಆಗಿರುವುದರ ಗುರುತಾಗಿ ಬ್ರೌಸರಿನಲ್ಲಿ ಉಳಿದಿರುವ ಕುಕಿಯನ್ನು ಕದ್ದವನಿಗೆ ಪಾಸ್‌ವರ್ಡಿನ ಹಂಗೇ ಇರುವುದಿಲ್ಲವಂತೆ. ಹಣವೇನಾದರೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದೂ ಹೇಳಿದ. ಪುಣ್ಯಕ್ಕೆ ಖಾತೆಯಲ್ಲಿ ಹಣ ಇದ್ದಷ್ಟೇ ಇತ್ತು.

ಬೇರು ಸಿಕ್ಕಿದ್ದು, ಗೊತ್ತುಪಡಿಸಿದ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ. ಯಾವುದೋ ‘ಅಪ್‌ಡೇಟ್’ ಎಂಬ ಸಾಧು ಹೆಸರು ಹೊತ್ತ ಒಂದು ಕೆಲಸ, ನಾನು ಲಾಗಿನ್ ಆದಾಗಲೆಲ್ಲ ಎದ್ದು, ಕಿತ್ತು ಹಾಕಿದ್ದನ್ನು ಮತ್ತೆ ನೆಡುತ್ತಿತ್ತು. ಸಂಸ್ಥೆಗಳು ತಮ್ಮ ಕಂಪ್ಯೂಟರುಗಳನ್ನು ಹಿಡಿತದಲ್ಲಿಡಲು ಬಳಸುವ ಪಾಲಿಸಿ ಎಂಬ ವ್ಯವಸ್ಥೆಯನ್ನೇ ಅದು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಬರೆದು, ಎಕ್ಸ್‌ಟೆನ್ಶನ್ನನ್ನು ನಾನು ತೆಗೆಯಲಾಗದಂತೆ ಮಾಡಿತ್ತು. ಶಿಫ್ಟ್ ಕೀಲಿ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ಅತ್ಯಗತ್ಯವಾದವು ಮಾತ್ರ ಏಳುವ ಸೇಫ್ ಮೋಡಿಗೆ ಹೋಗಿ, ಅವನು ಫೋನಿನಲ್ಲಿ ಹೇಳಿದ ಸಾಲುಗಳನ್ನಷ್ಟೇ ಒಂದೊಂದಾಗಿ ಅಳಿಸಿದೆ. ರಿಜಿಸ್ಟ್ರಿಯಲ್ಲಿ ಬೇರೆ ಸಾಲಿಗೆ ಕೈ ತಾಗಿದರೆ ವಿಂಡೋಸ್ ಏಳದೇ ಹೋಗಬಹುದೆಂದು ಅವನು ಎಚ್ಚರಿಸಿದ್ದರಿಂದ ಬೆರಳು ಸಣ್ಣಗೆ ನಡುಗುತ್ತಿತ್ತು.

ಆಮೇಲೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಪೂರ್ತಿ ಏಳುವ ಮೊದಲೇ ಇದು ನಡೆಯುವುದರಿಂದ ಒಳಗಿನ ಕಳ್ಳನೂ ಇನ್ನೂ ಎದ್ದಿರುವುದಿಲ್ಲ. ಹದಿನೈದು ನಿಮಿಷದ ಕೆಲಸವೆಂದು ಸೋದರಳಿಯ ಹೇಳಿದ್ದ. ಹತ್ತನೆಯ ನಿಮಿಷಕ್ಕೆ ಕರೆಂಟ್ ಹೋಗಿ, ಎರಡು ಗಂಟೆ ಮಳೆ ನೋಡುತ್ತ ಕುಳಿತು, ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಸಿಕ್ಕಿದ್ದನ್ನೆಲ್ಲ ಅಳಿಸಿ, ಇನ್ನೊಂದು ಶೋಧಕ ತಂತ್ರಾಂಶವಾದ ಮಾಲ್‌ವೇರ್‌ಬೈಟ್ಸ್‌ನಿಂದ ಇನ್ನೊಮ್ಮೆ ಜಾಲಾಡಿಸಿ, ಬ್ರೌಸರನ್ನು ಹೊಸದಾಗಿ ಹಾಕುವಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು.

ನುಡಿಯ ಹೊಸ ಆವೃತ್ತಿಯಲ್ಲೇ ಯೂನಿಕೋಡ್ ಪರಿವರ್ತಕವಿದೆ ಎಂಬುದನ್ನು ಸೋದರಳಿಯ ಹೇಳಿದ್ದು ಎಲ್ಲ ಮುಗಿದ ಮೇಲೆ. ಸೋಮವಾರ ಅದರಲ್ಲೇ ಲೇಖನವನ್ನು ಬದಲಿಸಿ ಅಪ್ಪನಿಗೆ ಮುದ್ರಿಸಿ ಕೊಟ್ಟೆ. ಅವರು ಕೆಂಪು ಪೆನ್ನು ಹಿಡಿದು ಓದುತ್ತ ಮೂರು ಕಡೆ ನಿಂತರು. ಅರ್ಕಾವತ್ತು ಜಾಗ ತಪ್ಪಿ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ‘ಬೋಡೋರ್ ದ್ರಾವಣ’ವಾಗಿತ್ತು.