ಅಮಿದಾದ ಅರ್ಥ ಹಿಡಿಯಲು ಮೊದಲ ಬೆರಾಖಾ ಸಾಕು

ಯಹೂದಿಗಳ ನಿತ್ಯ ಪ್ರಾರ್ಥನೆಯ ಪುಸ್ತಕಕ್ಕೆ ಸಿದ್ದೂರ್ ಎಂದು ಹೆಸರು. ಹಾಗೆಂದರೆ ಕ್ರಮ. ಬೆಳಗಿನ ಶಖರಿತ್, ಮಧ್ಯಾಹ್ನದ ಮಿನ್ಖಾ, ರಾತ್ರಿಯ ಮಾರಿವ್, ಮೂರೂ ಹೊತ್ತಿನ ಪಾಠ ಅದರಲ್ಲಿರುತ್ತದೆ. ಅರ್ಥ ತಿಳಿಯಲು ಹೊರಟವರು ಮೊದಲ ಪುಟದಿಂದ ಅನುವಾದ ಓದುತ್ತ ಹೋಗಿ ಅರ್ಧದಲ್ಲೇ ದಣಿಯುತ್ತಾರೆ. ಅದಕ್ಕಿಂತ ಒಂದೇ ಒಂದು ಕಂಡಿಕೆ ಹಿಡಿದು ಕೂರುವುದು ಒಳ್ಳೆಯದು: ಮೂರೂ ಹೊತ್ತು ಬರುವ ಮುಖ್ಯ ಪ್ರಾರ್ಥನೆ ಅಮಿದಾದ ಮೊದಲ ಬೆರಾಖಾ, ಅಂದರೆ ಮೊದಲ ಸ್ತುತಿ. 16ನೇ ಶತಮಾನದ ಧರ್ಮಸಂಹಿತೆ ಶುಲ್ಖಾನ್ ಆರುಖ್ ಕೂಡ ಇದನ್ನೇ ಹೇಳುತ್ತದೆ. ಎಲ್ಲ ಬೆರಾಖಾಗಳಲ್ಲೂ ಮನಸ್ಸು ನಿಲ್ಲಿಸಲು ಆಗದವನು ಮೊದಲನೆಯದರಲ್ಲಾದರೂ ನಿಲ್ಲಿಸಬೇಕು. ಮನಸ್ಸು ಹೀಗೆ ಮಾತಿನ ಮೇಲೆ ನೆಡುವುದಕ್ಕೆ ಕವ್ವಾನಾ ಎನ್ನುತ್ತಾರೆ.

ಅಮಿದಾ ಎಂದರೆ ನಿಲ್ಲುವುದು. ಮುಖ ಯೆರೂಸಲೇಮಿನ ಕಡೆಗಿರಬೇಕು. ಅಮೆರಿಕದವರು ಪೂರ್ವಕ್ಕೆ ತಿರುಗಿದರೆ ಮುಂಬೈಯ ಬೆನೆ ಇಸ್ರೇಲ್ ಯಹೂದಿಗಳು ಪಶ್ಚಿಮಕ್ಕೆ ತಿರುಗುತ್ತಾರೆ. ಮೂರು ಹೆಜ್ಜೆ ಮುಂದಿಟ್ಟು ಎರಡೂ ಪಾದ ಜೋಡಿಸಬೇಕು. ತುಟಿ ಅಲ್ಲಾಡಬೇಕು, ಮಾತು ಹೇಳುವವರ ಕಿವಿಗಷ್ಟೇ ಕೇಳಬೇಕು. ಬರೀ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಸಮುವೇಲನ ತಾಯಿ ಹನ್ನ ಪ್ರಾರ್ಥಿಸಿದ ರೀತಿಯೇ ಇದಕ್ಕೆ ಮಾದರಿ: ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ.

‘ಬಾರೂಖ್’, ಸ್ತುತ್ಯನು, ಎನ್ನುವಾಗ ಮಂಡಿ ಬಾಗುತ್ತದೆ, ‘ಅತ್ತಾ’ ಎನ್ನುವಾಗ ಸೊಂಟ ಬಾಗುತ್ತದೆ, ದೇವರ ಹೆಸರು ಬರುವಷ್ಟರಲ್ಲಿ ನೆಟ್ಟಗೆ ನಿಂತಿರಬೇಕು. ಬಾಗಿದವರನ್ನು ದೇವರು ಎತ್ತಿ ನಿಲ್ಲಿಸುತ್ತಾನೆ ಎಂಬ ಬೈಬಲ್ ಕೀರ್ತನೆಯ ಸಾಲು ಇಲ್ಲಿ ಮೈಯಲ್ಲೇ ನಡೆದುಹೋಗುತ್ತದೆ. ಹೆಸರು ಬರೆಯುವುದು ನಾಲ್ಕು ಅಕ್ಷರದಲ್ಲಿ, ಓದುವುದು ಮಾತ್ರ ಅದೊನಾಯ್, ಒಡೆಯ ಎಂದು. ಹೊಸಬರು ಭಕ್ತಿ ಹೆಚ್ಚಾಗಿ ಪ್ರತಿ ಬೆರಾಖಾಕ್ಕೂ ಬಾಗುತ್ತಾರೆ. ಅದು ತಪ್ಪು. ಮೊದಲನೆಯದರ ಆದಿ ಅಂತ್ಯ, ‘ಮೊದಿಮ್’ ಎಂಬ ಕೃತಜ್ಞತೆಯ ಬೆರಾಖಾದ ಆದಿ ಅಂತ್ಯ, ಒಟ್ಟು ನಾಲ್ಕೇ ಕಡೆ.

‘ಅತ್ತಾ’ ಎಂದರೆ ‘ನೀನು’. ಕನ್ನಡದಲ್ಲಿ ಅರ್ಥ ಹೇಳುವವರು ಇದನ್ನು ‘ತಾವು’ ಮಾಡಬೇಡಿ. ವಚನಕಾರರು ದೇವರನ್ನು ಕರೆದದ್ದೂ ನೀನು ಎಂದೇ, ಆ ಸಲಿಗೆ ಇಲ್ಲಿಯೂ ಇದೆ.

ಮುಂದೆ ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು ಎಂದು ಮೂರು ಸಲ ಬರುತ್ತದೆ. ಒಂದೇ ಸಲ ಹೇಳಿ ಮೂವರ ಹೆಸರು ಸೇರಿಸಬಹುದಿತ್ತಲ್ಲ? ಮಗ ಅಪ್ಪನಿಂದ ಕೇಳಿ ಸುಮ್ಮನೆ ಒಪ್ಪಲಿಲ್ಲ, ಒಬ್ಬೊಬ್ಬರೂ ತಾವೇ ಹುಡುಕಿ ಕಂಡರು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಆಮೇಲೆ ಮೂರು ವಿಶೇಷಣ: ದೊಡ್ಡವನು, ಬಲಶಾಲಿ, ಭಯಭಕ್ತಿ ಹುಟ್ಟಿಸುವವನು. ಸಹಸ್ರನಾಮ ಕೇಳಿ ಬೆಳೆದ ಕಿವಿಗೆ ಇದು ತೀರಾ ಕಡಿಮೆ ಎನಿಸಬಹುದು. ಒಬ್ಬಾತ ಇವುಗಳ ಜೊತೆಗೆ ಇನ್ನಷ್ಟು ಬಿರುದು ಪೋಣಿಸಿದ ಪ್ರಸಂಗ ಯಹೂದಿ ಶಾಸ್ತ್ರಚರ್ಚೆಗಳ ಗ್ರಂಥ ತಾಲ್ಮುದ್‌ನಲ್ಲಿದೆ. ರಬ್ಬಿ ಹನೀನಾ ಅವನು ಮುಗಿಸುವವರೆಗೂ ಕಾದು, ದೇವರ ಸ್ತುತಿಯೆಲ್ಲ ಮುಗಿಯಿತೋ ಎಂದು ಕೇಳಿದರು. ಲಕ್ಷಾಂತರ ಚಿನ್ನದ ನಾಣ್ಯವಿರುವ ರಾಜನನ್ನು ಬೆಳ್ಳಿ ಇಟ್ಟಿದ್ದಾನೆಂದು ಹೊಗಳಿದ ಹಾಗಾಯಿತು ಎಂದರು. ಈ ಮೂರನ್ನೂ ಹೇಳುವುದು ಮೋಶೆ ತನ್ನ ಐದು ಪುಸ್ತಕಗಳಾದ ತೋರಾದಲ್ಲಿ ಹೇಳಿದ್ದಾನೆ ಎಂಬ ಕಾರಣಕ್ಕೆ ಮಾತ್ರ.

ಅಕ್ಷರದ ಮೇಲೂ ಇಷ್ಟೇ ನಿಗಾ. ಬೆಳಗ್ಗೆ, ರಾತ್ರಿ ಅಮಿದಾಕ್ಕೆ ಮೊದಲು ಬರುವ ಶೆಮಾ ಎಂಬ ತೋರಾ ಪಾಠದಲ್ಲಿ ‘ಎಖಾದ್’, ಒಬ್ಬನೇ, ಎಂಬ ಪದದ ಕೊನೆಯ ದಾಲೆತ್ ಅಕ್ಷರವನ್ನು ತೋರಾ ಸುರುಳಿಯಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಅದು ಅದನ್ನೇ ಹೋಲುವ ರೇಶ್ ಅಕ್ಷರವಾಗಿ ಕಂಡರೆ ‘ಒಬ್ಬನೇ’ ಹೋಗಿ ‘ಬೇರೊಬ್ಬ’ ಆಗಿಬಿಡುತ್ತದೆ. ಶೆಮಾದ ಕೊನೆಯ ಭಾಗದ ‘ತಿಜ಼್ಕೆರು’, ನೆನಪಿಡಿ ಎಂಬ ಪದದಲ್ಲಿ ಜ಼ ಝೇಂಕರಿಸಬೇಕು. ಸಡಿಲಾಗಿ ‘ತಿಸ್ಕೆರು’ ಎಂದರೆ ಕೂಲಿ ಪಡೆಯಲಿ ಎಂಬ ಅರ್ಥ ಬರುತ್ತದೆ. ಕನ್ನಡದ ಜ ಇಲ್ಲಿ ಸಾಲದು, ಹಲ್ಲಿನ ಹಿಂದೆ ಗಾಳಿ ಜಾರಬೇಕು.

ಅಮಿದಾಕ್ಕೆ ಹದಿನೆಂಟು ಎಂಬ ಅರ್ಥದ ಹಳೆಯ ಹೆಸರೂ ಇದೆ. ಈಗ ಇರುವುದು 19: ಮೂರು ಸ್ತುತಿ, ಹದಿಮೂರು ಬೇಡಿಕೆ, ಮೂರು ಕೃತಜ್ಞತೆ. ಬೇಡಿಕೆಗಳಲ್ಲಿ ಮೊದಲು ಕೇಳುವುದು ತಿಳಿವನ್ನು, ಆರೋಗ್ಯ ಮತ್ತು ಬೆಳೆ ಆಮೇಲೆ. ಏನು ಕೇಳಬೇಕೆಂದು ಗೊತ್ತಾಗಲೂ ತಿಳಿವು ಬೇಕಲ್ಲ. ಬೇಡಿಕೆಯೆಲ್ಲ ‘ನಮಗೆ’ ಎಂದೇ ಇರುತ್ತದೆ. ಕಾಯಿಲೆಯವರ ಹೆಸರು ಸೇರಿಸುವುದಾದರೆ ಅವರ ತಾಯಿಯ ಹೆಸರಿನೊಂದಿಗೆ ಹೇಳುವುದು ರೂಢಿ. ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್‌ನಲ್ಲಿ ಈ ಹದಿಮೂರನ್ನೂ ಬಿಟ್ಟು ನಡುವೆ ಒಂದನ್ನೇ ಹೇಳುತ್ತಾರೆ.

ಎಡವುವುದು ಹೆಚ್ಚಾಗಿ ಮಳೆಯ ಮಾತಿನಲ್ಲಿ. ಒಂಬತ್ತನೆಯ ಬೆರಾಖಾದಲ್ಲಿ ಚಳಿಗಾಲಕ್ಕೆ ‘ಇಬ್ಬನಿ, ಮಳೆ ಕೊಡು’ ಎಂದು ಸೇರಿಸಬೇಕು. ಇಸ್ರೇಲಿನಲ್ಲಿ ಇದು ಶುರುವಾಗುವುದು ಯಹೂದಿ ಪಂಚಾಂಗದ ಖೆಶ್ವಾನ್ ತಿಂಗಳ 7ಕ್ಕೆ, ಯಾತ್ರೆಯ ಹಬ್ಬ ಸುಕ್ಕೋತ್ ಮುಗಿದು ಹದಿನೈದು ದಿನಕ್ಕೆ. ಬೆಳೆಗೆ ಮಳೆ ಅಷ್ಟು ಬೇಕಿದ್ದೂ ಯಾಕೆ ತಡ? ಯೆರೂಸಲೇಮಿಗೆ ಬಂದ ಯಾತ್ರಿಕರಲ್ಲಿ ಕೊನೆಯವನು ಯೂಫ್ರೆಟಿಸ್ ನದಿ ಮುಟ್ಟುವವರೆಗೆ ದಾರಿಯಲ್ಲಿ ನೆನೆಯಬಾರದು ಎಂದು. ದೇವಾಲಯ ಕ್ರಿ.ಶ. 70ರಲ್ಲಿ ಬಿತ್ತು, ಆ ಯಾತ್ರಿಕ ಈಗ ಇಲ್ಲ, ಆದರೂ ಊರಿಗೆ ಊರೇ ಅವನಿಗಾಗಿ ಇಂದಿಗೂ ಕಾಯುತ್ತದೆ. ಇಡೀ ಸಿದ್ದೂರಿನಲ್ಲಿ ಇಷ್ಟು ಮನ ಕರಗಿಸುವ ನಿಯಮ ಇನ್ನೊಂದಿಲ್ಲ. ಇಸ್ರೇಲಿನ ಹೊರಗೆ ಡಿಸೆಂಬರ್ 4ರ ರಾತ್ರಿಯಿಂದ, ಮುಂದಿನದು ಅಧಿಕ ವರ್ಷವಾದರೆ 5ರಿಂದ ಶುರು.

ಮರೆತರೆ ಹದಿನಾರನೆಯ ಬೆರಾಖಾ ‘ಶೆಮಾ ಕೊಲೆನು’ (ನಮ್ಮ ದನಿ ಕೇಳು) ಎಂಬುದರಲ್ಲಿ ಸೇರಿಸಬಹುದು. ಅದೂ ದಾಟಿದ್ದರೆ ಒಂಬತ್ತನೆಯದಕ್ಕೆ ಮರಳಬೇಕು. ಮುಗಿಸಿ ಹಿಂದೆ ಸರಿದಿದ್ದರೆ ಮೊದಲಿನಿಂದ. ಹೇಳಿದೆನೋ ಇಲ್ಲವೋ ಎಂಬ ಅನುಮಾನ ಮೊದಲ 30 ದಿನದೊಳಗೆ ಬಂದರೆ ಹೇಳಿಲ್ಲ ಎಂದೇ ಲೆಕ್ಕ, ನಾಲಿಗೆ ಹಳೆಯ ಜಾಡಿನಲ್ಲೇ ಓಡಿರುತ್ತದೆ. ಎರಡನೆಯ ಬೆರಾಖಾದಲ್ಲೂ ಋತುವಿಗೆ ತಕ್ಕಂತೆ ಮಾತು ಬದಲಾಗುತ್ತದೆ. ಅದಕ್ಕೊಂದು ಹಳೆಯ ಉಪಾಯವಿದೆ: ಬದಲಾಗುವ ದಿನ ಆ ಸಾಲನ್ನು ಅದಕ್ಕೆ ಮೊದಲು ಬರುವ ಮಾತಿನೊಂದಿಗೆ ಕೂಡಿಸಿ 90 ಸಲ ಹೇಳುವುದು. ದಿನಕ್ಕೆ ಮೂರರಂತೆ 30 ದಿನದ ಅಭ್ಯಾಸ ಒಂದೇ ದಿನಕ್ಕೆ ಆಯಿತು.

ಮುಗಿಸುವಾಗ ಎಡಗಾಲಿನಿಂದ ಶುರುಮಾಡಿ ಮೂರು ಹೆಜ್ಜೆ ಹಿಂದೆ ಸರಿದು, ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಕೊನೆಗೆ ಎದುರಿಗೆ ಬಾಗಬೇಕು. ದೇವರು ಎದುರಿಗಿದ್ದಾನೆ, ನಮ್ಮ ಎಡ ಅವನಿಗೆ ಬಲ. ಹಿಂದೆ ನಿಂತವರು ಇನ್ನೂ ಅಮಿದಾ ಹೇಳುತ್ತಿದ್ದರೆ ಮಾತ್ರ ಸರಿಯುವಂತಿಲ್ಲ. ಅವರದು ಮುಗಿಯುವವರೆಗೆ ಪಾದ ಜೋಡಿಸಿ ಅಲ್ಲೇ ನಿಂತಿರಬೇಕು.