ಕೋಡ್ ಬರೆಯುವ ಕಂಪ್ಯೂಟರ್‌ಗೆ ಯಾವ ಲಿನಕ್ಸ್ ಹಾಕಬೇಕು?

ಡಿಸ್ಟ್ರೊ, ಅಂದರೆ ಲಿನಕ್ಸ್‌ನ ಒಂದು ಬಗೆ (ಡೆಬಿಯನ್, ಉಬುಂಟು, ಫೆಡೋರಾ ಹೀಗೆ), ಆರಿಸುವಾಗ ಬಹಳ ಜನ ಮೊದಲು ನೋಡುವುದು ಡೆಸ್ಕ್‌ಟಾಪ್‌ನ ಅಂದಚೆಂದ. ಅದನ್ನು ಯಾವಾಗ ಬೇಕಾದರೂ ಬದಲಿಸಿಕೊಳ್ಳಬಹುದು; ಗ್ನೋಮ್, ಕೆಡಿಇ ಎಂಬ ಡೆಸ್ಕ್‌ಟಾಪ್‌ಗಳೆರಡೂ ಎಲ್ಲ ದೊಡ್ಡ ಡಿಸ್ಟ್ರೊಗಳಲ್ಲೂ ಸಿಗುತ್ತವೆ. ಸುಲಭಕ್ಕೆ ಬದಲಿಸಲಾಗದ್ದು ಬೇರೆ ಇದೆ: ಪ್ಯಾಕೇಜುಗಳ (ಡಿಸ್ಟ್ರೊ ಕೊಡುವ ಸಾಫ್ಟ್‌ವೇರ್‌ಗಳ) ಆವೃತ್ತಿ ಯಾವಾಗ ಬದಲಾಗುತ್ತದೆ, ಆ ದಿನವನ್ನು ತೀರ್ಮಾನಿಸುವವರು ನೀವೋ ಡಿಸ್ಟ್ರೊದವರೋ. ಪ್ರೋಗ್ರಾಮಿಂಗ್ ಮಾಡುವವರು ಮೊದಲು ನೋಡಬೇಕಾದದ್ದು ಇದನ್ನೇ.

ಡೆಬಿಯನ್ ಸ್ಟೇಬಲ್ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ನಡುವೆ ಬರುವ ಅಪ್‌ಡೇಟ್‌ಗಳು ಹೆಚ್ಚುಕಡಿಮೆ ಎಲ್ಲವೂ ಭದ್ರತೆ ಮತ್ತು ದೋಷಗಳ ತಿದ್ದುಪಡಿ. ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಕೂಡ ಎರಡು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ. ಐದು ವರ್ಷ ಬೆಂಬಲ. ಎಲ್‌ಟಿಎಸ್ ಅಲ್ಲದ ಉಬುಂಟುವಿಗೆ ಒಂಬತ್ತೇ ತಿಂಗಳು, ಆದ್ದರಿಂದ ಕೆಲಸದ ಯಂತ್ರಕ್ಕೆ ಅದು ಬೇಡ. ಫೆಡೋರಾ ಆರು ತಿಂಗಳಿಗೊಂದು ಬರುತ್ತದೆ, ಒಂದೊಂದಕ್ಕೂ ಸುಮಾರು ಹದಿಮೂರು ತಿಂಗಳ ಆಯಸ್ಸು. ಆರ್ಚ್ ಮತ್ತು ಓಪನ್‌ಸೂಸೆ ಟಂಬಲ್‌ವೀಡ್‌ಗಳಿಗೆ ಬಿಡುಗಡೆ ಎಂಬುದೇ ಇಲ್ಲ, ಹೊಸದು ಬಂದಂತೆಲ್ಲ ಹರಿದು ಬರುತ್ತಲೇ ಇರುತ್ತದೆ.

ಈ ಹರಿವು ಎಲ್ಲಿ ಚುಚ್ಚುತ್ತದೆ ಎಂಬುದಕ್ಕೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಒಳ್ಳೆಯ ಉದಾಹರಣೆ. ಆರ್ಚ್‌ನಲ್ಲಿ ಎಂದಿನಂತೆ ಅಪ್‌ಡೇಟ್ ಮಾಡಿದ ದಿನ ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿಯೇ ಬದಲಾಗಿರಬಹುದು. ಹಳೆಯ ಆವೃತ್ತಿ ಬರೆದಿಟ್ಟ ಡೇಟಾ ಫೋಲ್ಡರನ್ನು ಹೊಸದು ಓದುವುದಿಲ್ಲ, ಹಾಗಾಗಿ ಸರ್ವಿಸ್ ಮೇಲೇಳುವುದೇ ಇಲ್ಲ. ಹಳೆಯ ಬೈನರಿಗಳಿರುವ ಪ್ಯಾಕೇಜ್ ಹಾಕಿಕೊಂಡು ಡೇಟಾವನ್ನು ಹೊಸ ಆವೃತ್ತಿಗೆ ಸಾಗಿಸುವ ಪಿಜಿ ಅಪ್‌ಗ್ರೇಡ್ ನಡೆಸುವತನಕ ನಿಮ್ಮ ಪ್ರಾಜೆಕ್ಟ್ ನಿಂತಂತೆಯೇ. ಡೆಬಿಯನ್‌ನಲ್ಲಿ ಪೋಸ್ಟ್‌ಗ್ರೆಸ್ 15 ಮತ್ತು 17 ಬೇರೆ ಬೇರೆ ಹೆಸರಿನ ಪ್ಯಾಕೇಜುಗಳು. ಎರಡೂ ಅಕ್ಕಪಕ್ಕ ಇರಬಲ್ಲವು, ಡೇಟಾ ಸಾಗಿಸುವುದು ನಿಮಗೆ ಬಿಡುವಾದಾಗ. ಪೈಥಾನ್ ಕಥೆಯೂ ಇದೇ. ಸಿಸ್ಟಮ್‌ನ ಪೈಥಾನ್ 3.12ರಿಂದ 3.13ಕ್ಕೆ ಹೋದರೆ, ಅದರ ಮೇಲೆ ಕಟ್ಟಿದ ವೆನ್ವ್‌ಗಳೆಲ್ಲ (ಒಂದೊಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು ಬೇರೆಯಾಗಿಡುವ ಫೋಲ್ಡರುಗಳು) ಕೆಡುತ್ತವೆ. ಅವುಗಳ ಲೈಬ್ರರಿಗಳು ಕುಳಿತಿರುವುದು 3.12 ಎಂಬ ಹೆಸರಿನ ಫೋಲ್ಡರಿನಲ್ಲಿ, ಹೊಸ ಪೈಥಾನ್ ಹುಡುಕುವುದು 3.13ರಲ್ಲಿ. ಆರ್ಚ್ ಕೆಟ್ಟದ್ದು ಎಂದಲ್ಲ. ವಾರಕ್ಕೊಮ್ಮೆ ಕುಳಿತು ಅದರ ಸುದ್ದಿ ಪುಟ ಓದಿ ಅಪ್‌ಡೇಟ್ ಮಾಡುವ ಅಭ್ಯಾಸ ಇರುವವರಿಗೆ ಅದು ಸೊಗಸಾಗಿ ನಡೆಯುತ್ತದೆ. ಪ್ಯಾಕೇಜ್ ಪಟ್ಟಿಯನ್ನಷ್ಟೇ ಹೊಸದು ಮಾಡಿ ಬೇಕಾದ ಒಂದನ್ನು ಮಾತ್ರ ಹಾಕಿಕೊಳ್ಳುವುದನ್ನು ಅಲ್ಲಿ ಎಂದೂ ಮಾಡಬಾರದು, ಲೈಬ್ರರಿಗಳ ತಾಳಮೇಳ ತಪ್ಪುತ್ತದೆ.

ಮನೆಯ ಯಂತ್ರಕ್ಕೆ ನನ್ನ ಆಯ್ಕೆ ಡೆಬಿಯನ್ ಸ್ಟೇಬಲ್ ಅಥವಾ ಉಬುಂಟು ಎಲ್‌ಟಿಎಸ್. "ಅದರಲ್ಲಿ ಎಲ್ಲವೂ ಹಳೆಯದು" ಎಂಬ ದೂರು ಇದ್ದೇ ಇದೆ. ಆದರೆ ಭಾಷೆಯ ಸಲಕರಣೆಗಳನ್ನು ಡಿಸ್ಟ್ರೊದಿಂದ ತೆಗೆದುಕೊಳ್ಳಬೇಕೆಂದೇನೂ ಇಲ್ಲ. ರಸ್ಟ್‌ಗೆ ರಸ್ಟಪ್, ನೋಡ್‌ಗೆ ಎನ್‌ವಿಎಂ, ಪೈಥಾನ್‌ಗೆ ಯುವಿ ಅಥವಾ ಪೈಎನ್ವ್. ಇವೆಲ್ಲ ನಿಮ್ಮ ಹೋಮ್ ಫೋಲ್ಡರಿನೊಳಗೇ ಇರುತ್ತವೆ, ಸಿಸ್ಟಮ್ ಮುಟ್ಟುವುದಿಲ್ಲ. ಇನ್ನೂ ಹೊಸದು ಬೇಕಾದರೆ ಡಿಸ್ಟ್ರೊಬಾಕ್ಸ್ ಹಾಕಿ, ಡೆಬಿಯನ್ ಒಳಗೇ ಫೆಡೋರಾ ಅಥವಾ ಆರ್ಚ್‌ನ ಕಂಟೇನರ್ (ಬೇರೆಯಾಗಿ ಓಡುವ ಪುಟ್ಟ ಲಿನಕ್ಸ್) ತೆರೆದುಕೊಳ್ಳಿ. ಕೆಟ್ಟರೆ ಕಂಟೇನರ್ ಅಳಿಸಿ ಇನ್ನೊಂದು ಮಾಡಿದರಾಯಿತು.

ಡೆಬಿಯನ್ 12ರಿಂದ ಈಚೆಗೆ ಸಿಸ್ಟಮ್‌ಗೇ ನೇರವಾಗಿ ಪಿಪ್ (ಪೈಥಾನ್ ಲೈಬ್ರರಿಗಳನ್ನು ಹಾಕುವ ಸಲಕರಣೆ) ಇನ್‌ಸ್ಟಾಲ್ ಕೊಟ್ಟರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ನಿಲ್ಲಿಸುತ್ತದೆ. ಅದನ್ನು ಮೀರುವ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಆಯ್ಕೆಯನ್ನು ಬಳಸಬೇಡಿ, ಅದರ ಹೆಸರು ನಿಜವನ್ನೇ ಹೇಳುತ್ತಿದೆ. ವೆನ್ವ್ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಡೆಬಿಯನ್‌ನ ಪೈಥಾನ್ ಜೊತೆ ಅದು ತಾನಾಗಿ ಬರುವುದಿಲ್ಲ. ಸಿಸ್ಟಮ್‌ನ ಪೈಥಾನ್3 ಲಿಂಕನ್ನು ಹೊಸ ಆವೃತ್ತಿಗೆ ತಿರುಗಿಸುವ ಸಲಹೆಯೂ ಅಲ್ಲಲ್ಲಿ ಕಾಣುತ್ತದೆ. ಹಾಗೆ ಮಾಡಿದ ಉಬುಂಟುವಿನಲ್ಲಿ ಗ್ನೋಮ್ ಟರ್ಮಿನಲ್ಲೇ ತೆರೆಯದೆ ಹೋಗಬಹುದು, ಏಕೆಂದರೆ ಅದನ್ನು ಶುರುಮಾಡುವ ಸ್ಕ್ರಿಪ್ಟ್ ಪೈಥಾನ್‌ನದ್ದು.

ಕಂಪೈಲ್ ಮಾಡಿದ ಪ್ರೋಗ್ರಾಮ್ ಬೇರೆ ಸರ್ವರಿಗೆ ಹೋಗುವುದಿದ್ದರೆ ಜಿಲಿಬ್‌ಸಿ ನೆನಪಿರಲಿ, ಬಹುತೇಕ ಪ್ರೋಗ್ರಾಮುಗಳು ಆಧರಿಸುವ ಸಿ ಲೈಬ್ರರಿ ಅದು. ಉಬುಂಟು 22.04ರಲ್ಲಿ ಇರುವುದು 2.35, 24.04ರಲ್ಲಿ 2.39. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ "ಆವೃತ್ತಿ ಸಿಗಲಿಲ್ಲ" ಎಂದು ಬೀಳಬಹುದು, ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ಸಾಮಾನ್ಯವಾಗಿ ಓಡುತ್ತದೆ. ಸರ್ವರಿನಲ್ಲಿರುವ ಆವೃತ್ತಿಯದೇ ಕಂಟೇನರಿನಲ್ಲಿ ಬಿಲ್ಡ್ ಮಾಡಿ.

ಇಷ್ಟಾದರೂ ಸ್ಟೇಬಲ್ ಬೇಡವೆನ್ನುವ ಸಂದರ್ಭ ಒಂದಿದೆ: ಯಂತ್ರ ತೀರಾ ಹೊಸದಾಗಿದ್ದಾಗ. ಡೆಬಿಯನ್ 12ರ ಕರ್ನಲ್ (ಯಂತ್ರದ ಭಾಗಗಳನ್ನು ನಡೆಸುವ ಲಿನಕ್ಸ್‌ನ ತಿರುಳು) 6.1, 13ರದ್ದು 6.12. ಕರ್ನಲ್ ಬಂದ ಮೇಲೆ ತಯಾರಾದ ವೈಫೈ ಚಿಪ್ಪನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಅದು ಗುರುತಿಸದೆ ಇರಬಹುದು. ಆಗ ಫೆಡೋರಾ ಸರಿ. ಊಹೆ ಬೇಡ: ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ವೈಫೈ, ಧ್ವನಿ, ಹೊರಗಿನ ಮಾನಿಟರ್ ನೋಡಿ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರವಾಗುತ್ತದೆಯೇ ಎಂದೂ ನೋಡಿ. ಹೆಚ್ಚು ಕೈಕೊಡುವುದು ಇದೇ.

ಎನ್‌ವಿಡಿಯಾ ಕಾರ್ಡ್ ಇದ್ದು ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಕೋಡನ್ನು ತಡೆಯುವ ವ್ಯವಸ್ಥೆ) ಆನ್ ಆಗಿದ್ದರೆ ಒಂದು ಹೆಜ್ಜೆ ಹೆಚ್ಚು. ಡೆಬಿಯನ್, ಫೆಡೋರಾಗಳಲ್ಲಿ ಡ್ರೈವರ್ ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗುತ್ತದೆ, ಅದಕ್ಕೆ ಸಹಿ ಹಾಕಿದ ಕೀಲಿಯನ್ನು ಕರ್ನಲ್ ನಂಬಬೇಕು. ಮೊಕ್‌ಯುಟಿಲ್ ಎಂಬ ಕಮಾಂಡಿನಿಂದ ಕೀಲಿ ಇಂಪೋರ್ಟ್ ಮಾಡಿ, ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿದಾಗ ನೀಲಿ ತೆರೆಯೊಂದು ಬರುತ್ತದೆ. ಅದು ಕೆಲವೇ ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಕೀ ಒತ್ತಿ ‘ಎನ್‌ರೋಲ್’ ಆರಿಸದಿದ್ದರೆ ಡ್ರೈವರ್ ಲೋಡ್ ಆಗುವುದಿಲ್ಲ; ಇಂಪೋರ್ಟ್‌ನಿಂದ ಮತ್ತೆ ಶುರು.

ಪಾರ್ಟಿಷನ್ ಮಾಡುವಾಗ ರೂಟ್‌ಗೆ (ಸಿಸ್ಟಮ್ ಇರುವ ಭಾಗಕ್ಕೆ) 30 ಜಿಬಿ ಸಾಕೆಂಬ ಹಳೆಯ ಲೆಕ್ಕ ಈಗ ನಡೆಯದು. ಕಂಟೇನರ್‌ಗಳನ್ನು ನಡೆಸುವ ಡಾಕರ್ ತನ್ನ ಇಮೇಜುಗಳನ್ನೆಲ್ಲ ಇಡುವುದು ರೂಟ್‌ನ ವಾರ್ (/var) ಫೋಲ್ಡರಿನಲ್ಲಿ, ಹೋಮ್‌ನಲ್ಲಿ ಅಲ್ಲ. ರೂಟ್‌ಗೆ 100 ಜಿಬಿ ಬಿಟ್ಟು ಹೋಮ್ ಬೇರೆ ಮಾಡಿದರೆ, ನಾಳೆ ಡಿಸ್ಟ್ರೊ ಬದಲಿಸಿದರೂ ಕೋಡ್ ಇದ್ದಲ್ಲೇ ಇರುತ್ತದೆ. ವಿಂಡೋಸ್ ಪಕ್ಕದಲ್ಲಿ ಹಾಕುವವರು ಮೊದಲು ಬಿಟ್‌ಲಾಕರ್‌ನ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ರಿಕವರಿ ಕೀ ಬರೆದಿಟ್ಟುಕೊಂಡು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಡಿಸ್ಕ್ ಕುಗ್ಗಿಸುವ ಕೆಲಸವನ್ನು ವಿಂಡೋಸ್‌ನ ಒಳಗಿಂದಲೇ ಮುಗಿಸಿಕೊಳ್ಳಿ.